ಜೇನು ಸಾಕಣೆ ತರಬೇತಿ: ಐದು ದಿನ, 3,500 ರೂಪಾಯಿ, ಮೂರು ವರ್ಷದ ನಂತರದ ಲೆಕ್ಕ

ಪ್ರಮಾಣಪತ್ರ ಬೇಕಾದವರು ಧೈರ್ಯವಾಗಿ ಹೋಗಿ, ಸಿಕ್ಕೇ ಸಿಗುತ್ತದೆ. ನಮ್ಮ ಬ್ಯಾಚಿನ ನಲವತ್ತು ಮಂದಿಯಲ್ಲಿ ಒಬ್ಬರೂ ಫೇಲಾಗಲಿಲ್ಲ. ಮೂರು ದಿನ ಬಂದೇ ಇರದ ಒಬ್ಬ ತಮ್ಮನಿಗೂ ಲ್ಯಾಮಿನೇಶನ್ ಮಾಡಿಸಿ ಕೊಟ್ಟರು. ನನ್ನದು ಟ್ರಂಕಿನೊಳಗೆ ಹೊಲದ ಉತಾರಗಳ ನಡುವೆ ಇದೆ. ಸಬ್ಸಿಡಿ ಪೆಟ್ಟಿಗೆಯ ಅರ್ಜಿಗೆ ಜೆರಾಕ್ಸ್ ಮಾಡಿಸಲು ಒಮ್ಮೆ ಹೊರಗೆ ಬಂದಿತ್ತು, ಅಷ್ಟೇ.

2022ರ ನವೆಂಬರ್‌ನಲ್ಲಿ ವಿಜಯಪುರದಲ್ಲಿ ಖಾಸಗಿಯವರು ನಡೆಸಿದ ತರಬೇತಿ ಇದು. ಹೆಸರು ಬರೆಯುವುದಿಲ್ಲ. ಇಂಡಿಯಿಂದ ದಿನಾ ಬಸ್ಸು ಹಿಡಿದು ಹೋಗಿ ಬಂದೆ. ಆಗಿನ್ನೂ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಗಿರಲಿಲ್ಲ, ಆ ಖರ್ಚನ್ನೂ ಸೇರಿಸಿಕೊಳ್ಳಿ. ನಮ್ಮದು ಮೂರು ಎಕರೆ ನಿಂಬೆ ತೋಟ. ಹೂ ಹಿಡಿದಾಗ ಜೇನಿದ್ದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಹೊರಟವಳು ನಾನು. (ಕಟ್ಟಿತೋ? ಕಟ್ಟಿತು. ಆದರೆ ಆ ವರ್ಷ ಮಳೆಯೂ ಚಲೋ ಆಗಿತ್ತು, ಯಾರ ಪುಣ್ಯ ಎಂದು ಹೇಳಲಾರೆ.)

ನನ್ನ ತಕರಾರು ಒಂದೇ. ಕಲಿಸಿದ ಪಾಠ ನಮ್ಮ ಊರಿನದಲ್ಲ, ಕೊಟ್ಟ ಹುಳಗಳದೂ ಅಲ್ಲ. ನೋಟ್ಸಿನಲ್ಲಿ ಜೇನಿಗೆ ಬೇಕಾದ ಮರಗಳ ಪಟ್ಟಿ ಇತ್ತು: ನೇರಳೆ, ಮತ್ತಿ, ಅಂಟುವಾಳ, ರಬ್ಬರ್. ಇಂಡಿ ತಾಲ್ಲೂಕಿನಲ್ಲಿ ರಬ್ಬರ್ ಮರ ತೋರಿಸಿದವರಿಗೆ ಒಂದು ಬಾಟಲಿ ಜೇನು ನನ್ನ ಲೆಕ್ಕದಲ್ಲಿ. ಸೂರ್ಯಪಾನ (ಸೂರ್ಯಕಾಂತಿ), ಕುಸುಬಿ, ತೊಗರಿ, ಬೇವು, ಹುಣಸಿ, ಬಳ್ಳಾರಿ ಜಾಲಿ, ಒಂದರ ಹೆಸರೂ ಇರಲಿಲ್ಲ. ‘ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಮಲೆನಾಡಿಗೆ ಅದು ಸರಿ, ಅಲ್ಲಿ ಹುಳ ಉಪವಾಸ ಬೀಳುವುದು ಜಡಿಮಳೆಯಲ್ಲಿ. ನಮ್ಮಲ್ಲಿ ಉಪವಾಸ ಬೀಳುವುದು ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ.

ಪೋಸ್ಟರಿನಲ್ಲಿ ‘ಒಂದು ಪೆಟ್ಟಿಗೆಗೆ ವರ್ಷಕ್ಕೆ 30 ಕಿಲೋ’ ಎಂದಿತ್ತು. ಅದು ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನಿನ ಲೆಕ್ಕ. ನಮಗೆ ಮಾರಿದ್ದು ನಮ್ಮ ನಾಡಿನ ಸಣ್ಣ ಜೇನು, ತುಡುವೆ. ಕಳೆದ ವರ್ಷ ಎರಡು ಪೆಟ್ಟಿಗೆ ಸೇರಿ ನನಗೆ ಬಂದದ್ದು 9 ಕಿಲೋ, ಮನೆಗೆ ಇಟ್ಟುಕೊಂಡು ಉಳಿದದ್ದು ಬೀಗರಿಗೇ ಸಾಲಲಿಲ್ಲ. ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಗಳದೂ ಅದೇ ಕಥೆ. ಮೊಟ್ಟೆಯಿಂದ ಪೂರ್ತಿ ಹುಳವಾಗಿ ಹೊರಬರಲು ರಾಣಿಗೆ 16 ದಿನ, ಕೆಲಸಗಾರ ಹುಳಕ್ಕೆ 21, ಗಂಡಿಗೆ 24 ಎಂದು ಮೆಲ್ಲಿಫೆರಾದ ಲೆಕ್ಕವನ್ನೇ ಬಾಯಿಪಾಠ ಮಾಡಿ ಬರೆದು ಬಂದೆವು. ತುಡುವೆಯ ಕೆಲಸಗಾರ ಹುಳ ಒಂದೆರಡು ದಿನ ಮೊದಲೇ ಹೊರಬೀಳುತ್ತದೆ ಎಂಬುದು ಆಮೇಲೆ ತಿಳಿಯಿತು. ಐದು ದಿನದಲ್ಲಿ, ಹುಳ ಎರಿ (ಮೇಣದ ಗೂಡು) ಕಟ್ಟುವ ಚೌಕಟ್ಟನ್ನು ಕೈಯಲ್ಲಿ ಹಿಡಿಯಲು ಸಿಕ್ಕದ್ದು ಮೂರು ನಿಮಿಷ, ಅದೂ ಸಾಲಿನಲ್ಲಿ ನಿಂತು.

ಇಷ್ಟು ಬೈದರೂ ಪೂರ್ತಿ ಬೈಯಲು ಆಗುವುದಿಲ್ಲ, ಆ ಕಾಕಾ ಒಬ್ಬರು ಇದ್ದರಲ್ಲ.

ಅವರು ಪಾಠ ಮಾಡುವವರಲ್ಲ, ಪೆಟ್ಟಿಗೆ ಹೊತ್ತು ತಂದು ಇಡುವವರು. ಮೂರನೆಯ ದಿನ ಗಂಡಸರೆಲ್ಲ ಮುಖಪರದೆ, ಕೈಗವಸು ಹಾಕಿಕೊಳ್ಳಲು ನೂಕಾಡುತ್ತಿದ್ದಾಗ ನಾವು ಆರು ಜನ ಹೆಂಗಸರು ಸೀರೆ ಮೇಲೆ ಗಂಡಂದಿರ ಅಂಗಿ ತೊಟ್ಟುಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದೆವು. ಕಾಕಾ ಗೋಣಿ ತಟ್ಟು ಹಾಸಿ ಪೆಟ್ಟಿಗೆಯ ಪಕ್ಕಕ್ಕೆ ಕೂರಿಸಿದರು. “ಮುಚ್ಚಳ ಆಮ್ಯಾಲ ತಗೀರಿ ಯವ್ವಾ, ಮೊದಲ ಬಾಗಲ ನೋಡ್ರಿ. ನಿಮ್ಮನಿಗೆ ಬಂದವರು ಸೀದಾ ಅಡಗಿಮನಿಗೆ ಹೊಕ್ಕಾರೇನು?”

ಒಂದು ತಾಸು ಬಾಗಿಲು ನೋಡಿದೆವು. ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುತ್ತಿದ್ದರೆ ಒಳಗೆ ಮರಿ ಇವೆ, ರಾಣಿ ಮೊಟ್ಟೆ ಇಡುತ್ತಿದ್ದಾಳೆ. ಪಕ್ಕದ ಪೆಟ್ಟಿಗೆಗೆ ಪರಾಗ ಬಂದು ಇದಕ್ಕೆ ಬರದಿದ್ದರೆ ಅನುಮಾನ ಪಡಬೇಕು. ಮಧ್ಯಾಹ್ನ ಬಾಗಿಲಿಗೆ ಮುಖ ಮಾಡಿ ತೂಗಾಡುವವು ಎಳೆಯವು, ಮನೆಯ ಗುರುತು ಹಿಡಿಯುತ್ತಿರುತ್ತವೆ, ಗಾಬರಿ ಬೇಡ. ಗುದ್ದಾಡುತ್ತಿದ್ದರೆ ತುಪ್ಪ ಕದಿಯಲು ಬೇರೆ ಗೂಡಿನ ಕಳ್ಳ ಹುಳ ಬಂದಿವೆ. ಬಾಗಿಲ ಮುಂದೆ ನಾಲಿಗೆ ಚಾಚಿ ಸತ್ತು ಬಿದ್ದಿದ್ದರೆ ಯಾರೋ ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆದಿದ್ದಾರೆ. ಬಿಸಿಲಿಗೆ ಗಾಳಿ ಬೀಸುವಾಗ ತುಡುವೆ ತಲೆಯನ್ನು ಹೊರಗೆ ಮಾಡಿ ನಿಲ್ಲುತ್ತದೆ, ಮೆಲ್ಲಿಫೆರಾ ಒಳಕ್ಕೆ ಮುಖ ಮಾಡುತ್ತದೆ. ಇದ್ಯಾವುದೂ ನೋಟ್ಸಿನಲ್ಲಿ ಇರಲಿಲ್ಲ, ಪರೀಕ್ಷೆಗೂ ಬರಲಿಲ್ಲ.

ಕೇಳಿದ್ದೆ, ಕಲಿತಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಖಾಲಿ. ಸತ್ತ ಹುಳ ಇಲ್ಲ, ತುಪ್ಪ ಇಲ್ಲ, ಮರಿ ಇಲ್ಲ, ಬರೀ ಒಣ ಎರಿ. ಹತ್ತು ದಿನದಿಂದ ಆ ಬಾಗಿಲಿಗೆ ಪರಾಗ ಬಂದಿರಲಿಲ್ಲ. ಕಂಡಿತ್ತು, ಮನಸ್ಸಿಗೆ ಹತ್ತಿರಲಿಲ್ಲ. ಮಳೆಗಾಲಕ್ಕೆಂದು ತಂದಿಟ್ಟ ಸಕ್ಕರೆ ಡಬ್ಬಿಯಲ್ಲೇ ಇತ್ತು. “ಐದ ದಿನ ಹೋಗಿ ಏನ ಕಲತ ಬಂದ್ಯವಾ?” ಎಂದರು ಅತ್ತೆ. ಉತ್ತರ ಇರಲಿಲ್ಲ.

ಆವತ್ತಿನಿಂದ ಬಾಗಿಲು ಕಾಯುವ ಕೆಲಸ ಅತ್ತೆ ಹಿಡಿದರು. ಬೆಳಿಗ್ಗೆ ಏಳಕ್ಕೆ ಚಹಾದ ಕಪ್ಪು, ಮಣೆ ಹಿಡಿದು ತೋಟಕ್ಕೆ ನಡೆಯುತ್ತಾರೆ. ಮೊದಲು ಇರುವೆ ಹತ್ತದಂತೆ ಸ್ಟ್ಯಾಂಡಿನ ನಾಲ್ಕು ಕಾಲಿನ ಬಟ್ಟಲುಗಳಿಗೆ ನೀರು. ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಆರಿ ಹೋಗುವುದರಿಂದ ಎರಡು ಸಲ. ಆಮೇಲೆ ಹಳೆಯ ಪರಾತದಲ್ಲಿ ನೀರು, ಮೇಲೆ ಜೋಳದ ಕಣಿಕಿ ತುಂಡು ತೇಲಬಿಡುತ್ತಾರೆ, ಹುಳ ಮುಳುಗದೆ ಕುಳಿತು ಕುಡಿಯಲಿ ಎಂದು. ಪೆಟ್ಟಿಗೆಯ ಮೇಲೆ ಹಸಿ ಗೋಣಿ ತಟ್ಟು. ಇಷ್ಟಾದ ಮೇಲೆ ಬಾಗಿಲಿನ ಓರೆಗೆ, ಹಾರುವ ದಾರಿ ಬಿಟ್ಟು, ಮಣೆ ಹಾಕಿ ಕೂರುತ್ತಾರೆ. ಒಳಗೆ ಬಂದು ವರದಿ: “ಸೂರ್ಯಪಾನದ್ದ ಬಂತು ಇವತ್ತ, ಕಾಲ ಕೇಸರಿ ಆಗ್ಯಾವ.” ಬೆರಳಿನಿಂದ ಪೆಟ್ಟಿಗೆ ತಟ್ಟುತ್ತಾರೆ. ಸಿಡುಕಿದಂತೆ ಸುಸ್ ಎಂದು ಒಮ್ಮೆಗೇ ನಿಂತರೆ ಚೆನ್ನಾಗಿವೆ. ಗುಂಯ್ ಎಂದು ಎಳೆಯುತ್ತಲೇ ಇದ್ದರೆ ರಾಣಿಯನ್ನು ಹುಡುಕಬೇಕು ಎಂದು ಕಾಕಾ ಹೇಳಿದ್ದನ್ನು ನಾನು ಒಮ್ಮೆ ಹೇಳಿದ್ದೆ, ಅತ್ತೆ ಮರೆತಿಲ್ಲ.

ಕಳೆದ ವರ್ಷ ಬಾಗಿಲ ಮುಂದೆ ನಾಲಿಗೆ ಚಾಚಿದ ಹುಳ ಬಿದ್ದದ್ದನ್ನು ಕಂಡವರೂ ಅವರೇ. ಒಂದು ಹಿಡಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಪಕ್ಕದ ದಾಳಿಂಬೆ ತೋಟದವರ ಕಟ್ಟೆಯ ಮೇಲೆ ಸುರಿದು ಬಂದರು, ಜಗಳ ಆಡಲಿಲ್ಲ. ಈಗ ಆ ಮನೆಯ ಹುಡುಗ ಹಿಂದಿನ ದಿನವೇ ಫೋನ್ ಮಾಡುತ್ತಾನೆ: “ವೈನಿ, ನಾಳಿ ಸಂಜೀಕ ಎಣ್ಣಿ ಹೊಡಿತೀವ್ರಿ.” ಸಂಜೆ, ಹುಳ ಮನೆ ಸೇರಿದ ಮೇಲೆ. ತರಬೇತಿಯಲ್ಲಿ ಇದಕ್ಕೆ ಒಂದೇ ಸ್ಲೈಡು ಇತ್ತು.

ಹಣಕ್ಕೆ ತಕ್ಕದ್ದೇ ಎಂದು ಕೇಳುವವರಿಗೆ: ಎರಡು ಪೆಟ್ಟಿಗೆಗಿಂತ ಹೆಚ್ಚು ಇಡದ ನನ್ನಂಥವಳಿಗೆ 3,500 ಜಾಸ್ತಿಯೇ. ಪ್ರಮಾಣಪತ್ರ ಬೇಡದಿದ್ದರೆ ಆ ದುಡ್ಡಿಗೆ ಹುಳ ಸಾಕಿದವರ ತೋಟದಲ್ಲಿ ಒಂದು ಏಪ್ರಿಲ್ ಕಳೆಯಿರಿ. ಹೋಗಲೇಬೇಕೆಂದರೆ ಮೊದಲು ಎರಡು ಪ್ರಶ್ನೆ ಕೇಳಿ: ಕೊಡುವ ಹುಳ ಯಾವುದು, ಬೇಸಿಗೆಗೆ ಏನು ಹೇಳಿಕೊಡುತ್ತೀರಿ. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಶೇಂಗಾ ಹಿಂಡಿ, ಕಡಕ್ ರೊಟ್ಟಿ.

ಹೋದ ವಾರ ಮಗಳ ಫೀ ಕಟ್ಟಲು ವಿಜಯಪುರಕ್ಕೆ ಹೋಗಿದ್ದೆ. ಅತ್ತೆಯ ಫೋನು. “ಬಾಗಲದಾಗ ಕರೀ ಗಂಡಹುಳ ಭಾಳ ಅದಾವ, ತಾಸಿಗೆ ತಾಸಿಗೆ ಹೆಚ್ಚಾಗಾಕತ್ತಾವ.” ಜೇನಿನ ಕುಟುಂಬ ಒಡೆಯುವ ತಯಾರಿ ಅದು, ಒಂದು ಪಾಲು ಹುಳ ಹೊಸ ಮನೆ ಹುಡುಕಿ ಹೊರಡುತ್ತವೆ. ಬಸ್ ಸ್ಟ್ಯಾಂಡಿಗೆ ಹೊರಟವಳು ತಿರುಗಿ ಹೋಗಿ ಖಾಲಿ ಪೆಟ್ಟಿಗೆ ಒಂದು ಕೊಂಡೆ. ಕಂಡಕ್ಟರು ಪೆಟ್ಟಿಗೆಗೆ ಲಗೇಜ್ ಟಿಕೆಟ್ ಹರಿದ.