ದೂರ ಪಕ್ಕಾ, ಸಮಯ ಮಾತ್ರ ನಂಬಬೇಡಿ

ಎರಡು ಊರಿನ ಹೆಸರು ಹಾಕಿದರೆ ವಿಮಾನದ ದೂರ, ಹಾರಾಟದ ಸಮಯ ಹೇಳುವ ಆ್ಯಪ್ ಇದು. ತುಂಬಾ ದಿನದಿಂದ ನನ್ನ ಫೋನಿನಲ್ಲಿದೆ. ದುಡ್ಡು ಕೊಟ್ಟಿಲ್ಲ, ಫ್ರೀ ವರ್ಷನ್ ಅಷ್ಟೇ. ಜಾಹೀರಾತು ಕೆಳಗಡೆ ಸುಮ್ನೆ ಇರುತ್ತದೆ, ಕಾಟ ಕೊಡುವುದಿಲ್ಲ.

ಮ್ಯಾಪ್ ಮಾತ್ರ ಸೂಪರ್. ರಾತ್ರಿ ಮಲಗುವ ಮುಂಚೆ ಯಾವುದಾದರೂ ಎರಡು ಊರು ಹಾಕಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಎರಡು ಅಕ್ಷರ ಒತ್ತುವಷ್ಟರಲ್ಲಿ ಊರುಗಳ ಪಟ್ಟಿ ಬರುತ್ತದೆ, ಮುಟ್ಟಿದ ತಕ್ಷಣ ಗೆರೆ ಮೆಲ್ಲಗೆ ಮೂಡುತ್ತಾ ಹೋಗುತ್ತದೆ. ಲಂಡನ್ನಿಂದ ಲಾಸ್ ಏಂಜಲೀಸ್‌ಗೆ ಹಾಕಿ ನೋಡಿ. ಗೆರೆ ಬಿಲ್ಲಿನ ಹಾಗೆ ಬಾಗಿ ಉತ್ತರಕ್ಕೆ ಏರುತ್ತದೆ, ಗ್ರೀನ್‌ಲ್ಯಾಂಡಿನ ದಕ್ಷಿಣ ಭಾಗ ಮುಟ್ಟಿ ಕೆನಡಾ ದಾಟಿ ಇಳಿಯುತ್ತದೆ. ದೂರ 8,750 ಕಿ.ಮೀ. ಆಸುಪಾಸು. ಇದು ಸುತ್ತು ದಾರಿ ಅನಿಸಿದರೆ ಗ್ಲೋಬ್ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿಯೇ ಗ್ರೀನ್‌ಲ್ಯಾಂಡ್ ಕಡೆ ಜಾರುತ್ತದೆ. ಗುಂಡಗಿನ ಭೂಮಿಯ ಮೇಲೆ ಅದೇ ಹತ್ತಿರದ ದಾರಿ. ಎಷ್ಟು ಸಲ ನೋಡಿದರೂ ನನಗೆ ಖುಷಿಯೇ.

ಇನ್ನು ಸಮಯದ ವಿಷಯ. ಮೊದಮೊದಲು ಅದನ್ನೂ ನಂಬಿದ್ದೆ. ಆದರೆ ಮನೆಯವರು ಪ್ರಯಾಣ ಹೊರಟಾಗೆಲ್ಲ ಆ್ಯಪ್ ಹೇಳಿದ ಹೊತ್ತು ಕಳೆಯುತ್ತಿತ್ತು, ವಿಮಾನ ಇಳಿದಿರುತ್ತಿರಲಿಲ್ಲ. ಆಗ ಕೂತು ಲೆಕ್ಕ ಹಾಕಿದೆ. ಇದು ಮಾಡುವುದು ಇಷ್ಟೇ: ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಅರ್ಧ ಗಂಟೆ ಸೇರಿಸುತ್ತದೆ. ಎಲ್ಲ ಊರಿಗೂ ಅದೇ ಲೆಕ್ಕ!

ಲಂಡನ್–ನ್ಯೂಯಾರ್ಕ್ 5,550 ಕಿ.ಮೀ. ಹೋಗಲಿ ಬರಲಿ, ಆ್ಯಪ್ ಹೇಳುವುದು ಏಳೂವರೆ ಗಂಟೆ. ನಿಜದಲ್ಲಿ ಹಾಗಿಲ್ಲ. ಸುಮಾರು 10 ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ, ಚಳಿಗಾಲದಲ್ಲಂತೂ ಇನ್ನೂ ಜಾಸ್ತಿ. ಹಾಗಾಗಿ ನ್ಯೂಯಾರ್ಕಿನಿಂದ ಲಂಡನ್‌ಗೆ ಸುಮಾರು ಏಳು ಗಂಟೆ, ಗಾಳಿಗೆ ಎದುರಾಗಿ ವಾಪಸ್ ಹೋಗಲು ಎಂಟರ ಹತ್ತಿರ. ದಿಕ್ಕನ್ನೇ ಲೆಕ್ಕಕ್ಕೆ ತಗೊಳ್ಳದಿದ್ದರೆ ಆ ಸಮಯ ತೋರಿಸಿ ಏನು ಪ್ರಯೋಜನ, ಅಲ್ವಾ?

ಹೆಲ್ಸಿಂಕಿ–ಟೋಕಿಯೋ ಇನ್ನೂ ಬೇಜಾರು. ದೂರ ಸುಮಾರು 7,800 ಕಿ.ಮೀ., ಆ್ಯಪ್ ಪ್ರಕಾರ ಹತ್ತೂಕಾಲು ಗಂಟೆ. ಆದರೆ 2022ರಿಂದ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಬಂದ್. ಸುತ್ತಿ ಹೋಗಲು ಹದಿಮೂರು ಗಂಟೆಯಷ್ಟು ಬೇಕು. ಮ್ಯಾಪಿನಲ್ಲಿ ಗೆರೆ ಇವತ್ತಿಗೂ ಸೈಬೀರಿಯಾ ಮೇಲೆಯೇ ಹೋಗುತ್ತದೆ. ಇದನ್ನೆಲ್ಲ ಬರೆದು ಕಳಿಸಿದೆ, ‘ಇದು ಅಂದಾಜು ಮಾತ್ರ’ ಅಂತ ಒಂದು ಸಾಲಿನ ಉತ್ತರ ಬಂತು. ಹಾಗಾದರೆ ಅಂದಾಜು ಅಂತ ಸ್ಕ್ರೀನಿನಲ್ಲಿ ಹಾಕಬೇಕಿತ್ತು. ನಿಮಿಷದ ಲೆಕ್ಕದಲ್ಲಿ ತೋರಿಸಿದರೆ ಜನ ನಂಬುತ್ತಾರೆ.

ಈಗ ಸಮಯಕ್ಕೆ ನಾನು ಏರ್‌ಲೈನಿನ ವೇಳಾಪಟ್ಟಿ ನೋಡುತ್ತೇನೆ. ಹೊರಡುವ ಹೊತ್ತು, ತಲುಪುವ ಹೊತ್ತು ಎರಡನ್ನೂ ಒಂದೇ ಊರಿನ ಗಡಿಯಾರಕ್ಕೆ ತಂದು ಕಳೆದರೆ ಸಾಕು. ಗೇಟ್ ಬಿಟ್ಟು ಗೇಟ್ ಸೇರುವವರೆಗಿನ ಸಮಯ ಸಿಗುತ್ತದೆ, ರನ್‌ವೇವರೆಗೆ ಉರುಳುವುದೂ ಅದರಲ್ಲಿ ಸೇರಿರುತ್ತದೆ.

ದುಡ್ಡು ಕೊಟ್ಟು ಪ್ರೀಮಿಯಂ ತಗೊಳ್ಳಬೇಡಿ, ಅದರಲ್ಲೂ ಇದೇ ಲೆಕ್ಕ. ಮ್ಯಾಪಿಗೋಸ್ಕರ ಮೂರು ಸ್ಟಾರ್ ಕೊಟ್ಟಿದ್ದೇನೆ. ಹೋಗುವುದಕ್ಕೆ, ಬರುವುದಕ್ಕೆ ಬೇರೆ ಬೇರೆ ಸಮಯ ತೋರಿಸುವ ಅಪ್‌ಡೇಟ್ ಬಂದ ದಿನ ಇನ್ನೊಂದು ಸೇರಿಸುತ್ತೇನೆ.