ಪ್ರಾಜೆಕ್ಟ್ ವಿಡಿಯೋ, ಆಲ್ಬಂ ಕವರ್ ಹೊರಗೆ ಮಾಡಿಸುವವರೇ, ಒಂದು ನಿಮಿಷ ನಿಲ್ಲಿ

ಇದನ್ನು ಬರೆಯಬೇಕೋ ಬೇಡವೋ ಅಂತ ಒಂದು ವಾರ ಒದ್ದಾಡಿದೆ. ಬರೆದರೆ ನನ್ನ ದಡ್ಡತನವೇ ಜಾಸ್ತಿ ಕಾಣುತ್ತದೆ. ಆದರೆ ನಿನ್ನೆ ಜೂನಿಯರ್ ಒಬ್ಬ ಬಂದು, ನಮ್ಮ ಕ್ಲಾಸ್ ಪ್ರಾಜೆಕ್ಟ್‌ನ ವಿಡಿಯೋ, ಕವರ್ ಎರಡನ್ನೂ ಕೆಡಿಸಿದ ಎಡಿಟರ್ ಹೆಸರೇ ಹೇಳಿ, "ಅಣ್ಣಾ, ಇವರಿಗೆ ಕೆಲಸ ಕೊಡಬಹುದಾ?" ಅಂತ ಕೇಳಿದ. ಆಗ ಸುಮ್ನೆ ಇರಲು ಆಗಲಿಲ್ಲ. ಅವನಿಗೆ ಬೈದಂತೆ ಉತ್ತರ ಕೊಟ್ಟೆ, ಪಾಪ. ಇಲ್ಲಿ ಆ ಮನುಷ್ಯನ ಹೆಸರು ಹಾಕುವುದಿಲ್ಲ. ಇಂಥವರು ತುಂಬಾ ಜನ ಇದ್ದಾರೆ, ಕೆಲಸ ಮಾಡುವ ರೀತಿ ನೋಡಿದರೆ ನೀವೇ ಗುರುತು ಹಿಡಿಯುತ್ತೀರಿ.

ಪ್ರಾಜೆಕ್ಟ್ ಏನಂತ ಮೊದಲು ಹೇಳಿಬಿಡುತ್ತೇನೆ. ಒಂದು ಮ್ಯೂಸಿಕ್ ವಿಡಿಯೋ, ಅದಕ್ಕೆ ಹೊಂದುವ ಆಲ್ಬಂ ಕವರ್. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಮನೆಯ ಮಕ್ಕಳ ಹಾಗೆ ಕಾಣಬೇಕು. ಅದೇ ಬಣ್ಣ, ಅದೇ ಅಕ್ಷರ, ಅದೇ ವಸ್ತು. ಐಡಿಯಾ, ಶೂಟಿಂಗ್ ನಮ್ಮದೇ ಆಗಿರಬೇಕು, ಎಡಿಟಿಂಗ್ ಮತ್ತು ಡಿಸೈನ್‌ಗೆ ಸಹಾಯ ತೆಗೆದುಕೊಂಡರೆ ಯಾರು ಮಾಡಿದರು ಅಂತ ಬರೆಯಬೇಕು, ಇಷ್ಟೇ ನಿಯಮ.

ನಮ್ಮ ಹಾಡಿನಲ್ಲಿ ಒಂದು ಹಳೇ ರೇಡಿಯೋ ಬರುತ್ತದೆ. ಹಾಡಿದ ಗೆಳತಿಯ ತಾತನದು. ಡಯಲ್‌ನ ಗಾಜು ಬಲಗಡೆ ಒಡೆದಿದೆ, ಅದಕ್ಕೆ ಯಾರೋ ಯಾವತ್ತೋ ಕಂದು ಟೇಪ್ ಅಂಟಿಸಿದ್ದಾರೆ. ಆ ಟೇಪ್‌ನ ತುದಿ ಸ್ವಲ್ಪ ಎದ್ದಿದೆ. ವಿಡಿಯೋದ ಕೊನೆಯ ಶಾಟ್ ಆ ಟೇಪ್ ಮೇಲೇ ಮುಗಿಯುತ್ತದೆ. ಕವರ್‌ಗೂ ಅದೇ ಇರಲಿ ಅಂತ ಬೇರೆ ಬೇರೆ ಬೆಳಕಿನಲ್ಲಿ 23 ಫೋಟೋ ತೆಗೆದು ಕೊಟ್ಟಿದ್ದೆವು.

ಈ ಎಡಿಟರ್ ಸಿಕ್ಕಿದ್ದು ಪರಿಚಯದವರ ಮೂಲಕ. ಪೇಜ್ ನೋಡಿದರೆ ಒಳ್ಳೊಳ್ಳೆ ಕೆಲಸ. (ಅದರಲ್ಲಿ ಎಷ್ಟು ಅವನದು ಅಂತ ಈಗ ಅನುಮಾನ.) ಫೋನ್‌ನಲ್ಲಿ ಮಾತೆಲ್ಲ ಬೆಣ್ಣೆ. "ಬ್ರೋ, ಟೆನ್ಷನ್ ತಗೋಬೇಡಿ, ವಿಡಿಯೋ ಕವರ್ ಎರಡೂ ನಂದು, ಹತ್ತು ದಿನ." ಅರ್ಧ ದುಡ್ಡು ಮೊದಲೇ ಕಳಿಸಿದೆವು. ಫುಟೇಜ್ ಇದ್ದ ಹಾರ್ಡ್ ಡಿಸ್ಕ್ ನಾನೇ ಹೋಗಿ ಕೈಯಲ್ಲಿ ಕೊಟ್ಟು ಬಂದೆ. ಕ್ಯಾಮೆರಾ ಬಾಡಿಗೆಯದು, ವಾಪಸ್ ಕೊಡುವಾಗ ಕಾರ್ಡ್ ಫಾರ್ಮ್ಯಾಟ್ ಮಾಡಿ, ಎಲ್ಲಾ ಅಳಿಸಿಯೇ ಕೊಟ್ಟಿದ್ದೆವು. ಅಂದರೆ ಫುಟೇಜ್ ಇದ್ದದ್ದು ಆ ಒಂದು ಡಿಸ್ಕ್‌ನಲ್ಲಿ, ಆ ಡಿಸ್ಕ್ ಇದ್ದದ್ದು ಅವನ ಹತ್ತಿರ. ಹೌದು, ಗೊತ್ತು. ಬೈಯಬೇಡಿ, ಈಗಾಗಲೇ ನಾಲ್ಕು ಜನ ಬೈದಿದ್ದಾರೆ.

ಹತ್ತು ದಿನ ಹೋಗಿ ಇಪ್ಪತ್ತೊಂದು ದಿನ ಆಯಿತು. "ರೆಂಡರ್ ಆಗ್ತಿದೆ ಬ್ರೋ." "ಸಿಸ್ಟಮ್ ಕೈ ಕೊಡ್ತು ಬ್ರೋ." ಮತ್ತೆ "ರೆಂಡರ್ ಆಗ್ತಿದೆ ಬ್ರೋ." ರೆಂಡರ್ ಅಂದರೆ ಎಡಿಟ್ ಆದದ್ದನ್ನೆಲ್ಲ ಕಂಪ್ಯೂಟರ್ ಒಂದು ವಿಡಿಯೋ ಫೈಲ್ ಮಾಡುವುದು. ನಾಲ್ಕು ನಿಮಿಷದ ಹಾಡು ಎಷ್ಟು ದಿನ ರೆಂಡರ್ ಆಗುತ್ತದೆ ಸ್ವಾಮಿ?

ಮೊದಲು ಕವರ್ ಬಂತು. ಇಲ್ಲೇ ನೋಡಿ ನನಗೆ ಈಗಲೂ ಮೈಯೆಲ್ಲಾ ಉರಿಯುವುದು. ಚಿತ್ರದಲ್ಲಿ ರೇಡಿಯೋ ಇತ್ತು, ಹಿಂದೆ ಮಸುಕಾದ ಕಿಟಕಿ, ತುಂಬಾ ಚೆನ್ನಾಗಿತ್ತು. ಆದರೆ ಗಾಜು ಒಡೆದಿರಲಿಲ್ಲ. ಟೇಪ್ ಇರಲಿಲ್ಲ. ನಾನೇನು ಮಾಡಿದೆ ಗೊತ್ತಾ? ರೀಟಚ್ ಮಾಡಿದ್ದಾನೆ ಅಂದುಕೊಂಡು, "ಸರ್, ಸೂಪರ್ ಆಗಿ ಕ್ಲೀನ್ ಮಾಡಿದ್ದೀರಿ, ಆದರೆ ನಮಗೆ ಆ ಟೇಪ್ ಬೇಕಿತ್ತು" ಅಂತ ಮೆಸೇಜ್ ಹಾಕಿದೆ. ಹೊಗಳಿದೆ! ಅವನು ಒಂದು ಕ್ಷಣವೂ ತಡಮಾಡದೆ, "ಥ್ಯಾಂಕ್ಸ್ ಬ್ರೋ, ಅದಕ್ಕೇ ಮೂರು ರಾತ್ರಿ ಕೂತೆ" ಅಂದ. ಮೂರು ರಾತ್ರಿಯಂತೆ. ನಾನು ನಂಬಿ ಗ್ರೂಪ್‌ನಲ್ಲಿ ಎಲ್ಲರಿಗೂ ಹೇಳಿದೆ, ಪಾಪ ತುಂಬಾ ಕಷ್ಟಪಟ್ಟಿದ್ದಾರೆ, ಟೇಪ್ ವಿಷಯ ಬಿಟ್ಟುಬಿಡೋಣ ಅಂತ.

ರಿವ್ಯೂ ದಿನ ಕ್ಲಾಸ್‌ನಲ್ಲಿ ದೊಡ್ಡ ಪರದೆಗೆ ಹಾಕಿದೆವು. ಮೇಡಂ ಎರಡು ನಿಮಿಷ ನೋಡಿದರು. ಎದ್ದು ಹತ್ತಿರ ಹೋದರು. "ಇದು ನಿಮ್ಮ ರೇಡಿಯೋ ಅಲ್ಲ ಅಲ್ವಾ? ನಿಮ್ಮದರಲ್ಲಿ ಎರಡು ನಾಬ್, ಇದರಲ್ಲಿ ಮೂರಿದೆ." ಇಡೀ ಕ್ಲಾಸ್ ಗಪ್‌ಚುಪ್. ನಾನು ಎಣಿಸಿದೆ. ಮೂರು. ವಾರಗಟ್ಟಲೆ ಆ ರೇಡಿಯೋ ಹೊತ್ತು ತಿರುಗಿದವನು ನಾನು, ನಾಬ್ ಎಣಿಸಿರಲಿಲ್ಲ. ಆಮೇಲೆ ಮೇಡಂ ಕಿಟಕಿಯ ಜಾಗವನ್ನು ಜೂಮ್ ಮಾಡಿಸಿದರು. ಅಲ್ಲಿ ತೆಳ್ಳಗೆ ಓರೆ ಗೆರೆಗಳು, ಗಾಜಿನ ಮೇಲೆ ಒರೆಸಿ ಉಳಿದ ಗುರುತಿನ ಹಾಗೆ. ಸ್ಟಾಕ್ ಫೋಟೋದ, ಅಂದರೆ ನೆಟ್‌ನಲ್ಲಿ ದುಡ್ಡಿಗೆ ಮಾರುವ ಫೋಟೋದ ವಾಟರ್‌ಮಾರ್ಕ್. ಕೊಳ್ಳದೆ ಬಳಸಬಾರದು ಅಂತ ಪ್ರಿವ್ಯೂ ಚಿತ್ರದ ಮೇಲೆ ಹಾಕುವ ಗುರುತು ಅದು. ದುಡ್ಡು ಕೊಟ್ಟು ಕೊಳ್ಳದೆ ಪ್ರಿವ್ಯೂ ಚಿತ್ರ ಇಳಿಸಿಕೊಂಡು, ವಾಟರ್‌ಮಾರ್ಕ್ ಅಳಿಸಿ, ಮಸುಕು ಮಾಡಿ ಕೊಟ್ಟಿದ್ದ. ಚಿತ್ರದ ಸೈಜ್ ನೋಡಿದರೆ 3000 ಗುಣಿಸು 3000 ಪಿಕ್ಸೆಲ್, ಹಾಡಿನ ಆ್ಯಪ್‌ಗಳು ಕೇಳುವಷ್ಟೇ. ಸಣ್ಣ ಚಿತ್ರವನ್ನು ಎಳೆದು ಎಳೆದು 3000 ಮಾಡಿದ್ದ ಅಷ್ಟೇ. ಅಕ್ಷರ ಮಾತ್ರ ಚೂಪಾಗಿ ಕಾಣುತ್ತಿತ್ತು, ಉಳಿದದ್ದೆಲ್ಲ ನೀರಲ್ಲಿ ನೆನೆದ ಪೇಪರ್. ಇದರ ಮೇಲೆ ಕೆಳಗಿನ ಮೂಲೆಯಲ್ಲಿ ಅವನ ಪೇಜಿನ ಹೆಸರು ಬೇರೆ! ಕವರ್ ಮೇಲೆ ಪೇಜ್ ಹೆಸರು, ವೆಬ್‌ಸೈಟ್ ಇಂಥದ್ದೆಲ್ಲ ಇದ್ದರೆ ಆ್ಯಪ್‌ನವರು ವಾಪಸ್ ಕಳಿಸುತ್ತಾರೆ. ಆಲ್ಬಂ ಕವರ್ ಮಾಡಿ ಅನುಭವ ಇದೆ ಅಂದವನಿಗೆ ಇದು ಗೊತ್ತಿರಬೇಕಲ್ವಾ?

ಕ್ಲಾಸ್‌ನಿಂದ ಹೊರಗೆ ಬಂದು ಆ ಚಿತ್ರವನ್ನೇ ಇಮೇಜ್ ಸರ್ಚ್‌ಗೆ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮೂಲ ಸಿಕ್ಕಿತು. ಅದೇ ಮೂರು ನಾಬ್. ಸ್ಕ್ರೀನ್‌ಶಾಟ್ ಕಳಿಸಿದೆ.

ಬಂದ ಉತ್ತರಗಳನ್ನು ಹಾಗೇ ಹಾಕುತ್ತೇನೆ.

"ಬ್ರೋ ಅದು ರೆಫರೆನ್ಸ್, ಎಲ್ಲರೂ ಹಾಗೇ ಮಾಡೋದು."

"ನಿಮ್ಮ ಫೋಟೋದಲ್ಲಿ ಲೈಟಿಂಗ್ ಸರಿ ಇರಲಿಲ್ಲ, ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಸ್ವಲ್ಪ ಹೊತ್ತು ಬಿಟ್ಟು, "ನೋಡಪ್ಪ, ನಿನಗೆ ಇಂಡಸ್ಟ್ರಿ ಗೊತ್ತಿಲ್ಲ."

ಗಮನಿಸಿದಿರಾ, ಬ್ರೋ ಹೋಗಿ ನೋಡಪ್ಪ ಬಂತು. ಇಷ್ಟಾದರೂ ನಾನು ಸರ್ ಸರ್ ಅಂತಲೇ ಬರೆಯುತ್ತಿದ್ದೆ, ಯಾಕೆಂದರೆ ಡಿಸ್ಕ್ ಅವನ ಹತ್ತಿರ ಇತ್ತು.

ಆಮೇಲೆ ವಿಡಿಯೋ ಬಂತು. ಗೆಳತಿ ಹೊಲದ ದಾರಿಯಲ್ಲಿ ನಡೆಯುತ್ತಾ ಹಾಡುವ ಸ್ಲೋ ಮೋಷನ್ ಶಾಟ್ ಒಂದಿದೆ. ಇಂಥದ್ದನ್ನು ಹೇಗೆ ಮಾಡುತ್ತಾರೆ ಅಂತ ಎಡಿಟಿಂಗ್ ಮಾಡುವ ಎಲ್ಲರಿಗೂ ಗೊತ್ತು. ಕ್ಯಾಮೆರಾದಲ್ಲಿ ಸೆಕೆಂಡಿಗೆ 50 ಫ್ರೇಮ್ (ಅಂದರೆ 50 ಚಿತ್ರ), ಶೂಟಿಂಗ್ ಜಾಗದಲ್ಲಿ ಸ್ಪೀಕರ್‌ನಲ್ಲಿ ಹಾಡು ಎರಡು ಪಟ್ಟು ಸ್ಪೀಡ್. ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್‌ನ ಟೈಮ್‌ಲೈನ್‌ನಲ್ಲಿ ಅರ್ಧ ಸ್ಪೀಡ್‌ಗೆ ಇಳಿಸಿದರೆ ಕೂದಲು, ದುಪಟ್ಟಾ ನಿಧಾನಕ್ಕೆ ಹಾರುತ್ತವೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರುತ್ತದೆ. ಅವಳು ಆ ಸ್ಪೀಡ್‌ಗೆ ನಾಲಿಗೆ ಹೊರಳದೆ ಹನ್ನೊಂದು ಟೇಕ್ ತಗೊಂಡಿದ್ದಳು. ಹನ್ನೆರಡನೆಯದು ಸರಿ ಬಂತು. ಈ ಮಹಾಶಯ ಅದನ್ನು ಸ್ಪೀಡ್ ಇಳಿಸದೆ ಹಾಗೇ ಹಾಕಿದ್ದಾನೆ. ಅಪ್ಪನನ್ನು ನೆನೆದು ಅಳುವ ಸಾಲಿನಲ್ಲಿ ಹುಡುಗಿ ಬಸ್ ಕಂಡಕ್ಟರ್ ಥರ ಬಡಬಡಾಯಿಸುತ್ತಾ ಓಡುತ್ತಿದ್ದಾಳೆ. ನೋಟ್ಸ್‌ನಲ್ಲಿ ಬರೆದುಕೊಟ್ಟಿದ್ದೆವು, ಕ್ಲಿಪ್ ಹೆಸರಲ್ಲೇ "ಸ್ಲೋ" ಅಂತ ಹಾಕಿದ್ದೆವು. ಕೇಳಿದರೆ "ಅದು ಸ್ಟೈಲ್, ಈಗಿನ ಜನಕ್ಕೆ ಸ್ಪೀಡ್ ಬೇಕು" ಅಂದ. ಸರಿಮಾಡಿ ಕೊಡಿ ಅಂದರೆ ಎಕ್ಸ್‌ಟ್ರಾ ಚಾರ್ಜ್. ಪ್ರಾಜೆಕ್ಟ್ ಫೈಲ್ (ಎಡಿಟಿಂಗ್ ತೆರೆದು ತಿದ್ದಬಹುದಾದ ಫೈಲ್) ಕೊಡಿ, ನಾವೇ ಸರಿಮಾಡುತ್ತೇವೆ ಅಂದರೆ "ಪ್ರಾಜೆಕ್ಟ್ ಫೈಲ್ ಕೊಡೋ ಪದ್ಧತಿ ಇಲ್ಲ". ಡಿಸ್ಕ್ ಕೊಡಿ ಅಂದರೆ "ಬಾಕಿ ಕ್ಲಿಯರ್ ಮಾಡಿ ತಗೊಂಡು ಹೋಗಿ".

ಕೊಟ್ಟೆವು. ಪೂರ್ತಿ ದುಡ್ಡು ಕೊಟ್ಟೆವು. ಕದ್ದ ಚಿತ್ರಕ್ಕೂ ಕೆಟ್ಟ ಎಡಿಟಿಂಗ್‌ಗೂ ಸೇರಿಸಿ ಪೂರ್ತಿ. ಬೇರೆ ದಾರಿ ಇರಲಿಲ್ಲ. ಡಿಸ್ಕ್ ತರಲು ಹೋದಾಗ ನಗುತ್ತಾ "ಮುಂದಿನ ಪ್ರಾಜೆಕ್ಟ್ ಇದ್ದರೆ ಹೇಳಿ ಬ್ರೋ" ಅಂದ. ಮತ್ತೆ ಬ್ರೋ. ನಾನೂ ತಲೆಯಾಡಿಸಿ ನಕ್ಕು ಬಂದೆ. ಅದೇ ಜಾಸ್ತಿ ಚುಚ್ಚುತ್ತಿದೆ.

ಹೊರಗೆ ಮಾಡಿಸಲೇಬೇಕು ಅಂದರೆ ಮೂಲ ಫುಟೇಜ್ ಕೊಡಬೇಡಿ, ಕಾಪಿ ಕೊಡಿ. ಕಾಪಿಯ ಕಾಪಿ ಮನೆಯಲ್ಲಿಡಿ. ದುಡ್ಡಿನ ಮಾತಿನ ಜೊತೆಯಲ್ಲೇ ಲೇಯರ್ ಇರುವ ಫೈಲ್ (ಚಿತ್ರ, ಅಕ್ಷರ ಬೇರೆ ಬೇರೆಯಾಗಿ ತಿದ್ದಬಹುದಾದದ್ದು), ಪ್ರಾಜೆಕ್ಟ್ ಫೈಲ್ ಕೊಡುತ್ತೀರಾ ಅಂತ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ, ಫೋನ್‌ನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಮೊದಲ ಇಪ್ಪತ್ತು ಸೆಕೆಂಡ್ ಎಡಿಟ್ ಮಾಡಿ ತೋರಿಸಿ ಅನ್ನಿ. ಕವರ್ ಬಂದ ಕೂಡಲೇ ಇಮೇಜ್ ಸರ್ಚ್‌ಗೆ ಹಾಕಿ. ಹೊಗಳುವುದಕ್ಕೆ ಮುಂಚೆ. ದಯವಿಟ್ಟು, ಹೊಗಳುವುದಕ್ಕೆ ಮುಂಚೆ.

ಕವರ್ ಕೊನೆಗೆ ನಾವೇ ಮಾಡಿದೆವು, ಆ 23ರಲ್ಲಿ ಒಂಬತ್ತನೇ ಫೋಟೋ. ಕಿಟಕಿ ಬೆಳಕು ಎದ್ದಿರುವ ಟೇಪ್ ತುದಿಯ ಮೇಲೆ ಬಿದ್ದಿದೆ. ಲೈಟಿಂಗ್ ಸರಿ ಇಲ್ಲ ಅಂದನಲ್ಲ, ಅದೇ ಫೋಟೋ. ವಿಡಿಯೋನ ಎರಡು ರಾತ್ರಿ ಕೂತು ಮತ್ತೆ ಎಡಿಟ್ ಮಾಡಿದೆವು, ತಡವಾಗಿ ಕೊಟ್ಟಿದ್ದಕ್ಕೆ ಮಾರ್ಕ್ಸ್ ಕಟ್ ಆಯಿತು.

ಆ ಬಡಬಡಾಯಿಸುವ ಶಾಟ್ ಈಗ ಅವನ ಪೇಜಿನಲ್ಲಿದೆ, "ನಮ್ಮ ಹೊಸ ಕೆಲಸ" ಅಂತ. ನಮ್ಮನ್ನು ಒಂದು ಮಾತೂ ಕೇಳಿಲ್ಲ. ತೆಗೆಯಿರಿ ಅಂತ ಕೆಳಗೆ ಬರೆದೆ, ಹತ್ತು ನಿಮಿಷದಲ್ಲಿ ನನ್ನನ್ನು ಬ್ಲಾಕ್ ಮಾಡಿದ. ಗೆಳತಿಯ ಅಕೌಂಟ್‌ನಿಂದ ನೋಡಿದೆ, ಇನ್ನೂ ಇದೆ. ಕೆಳಗೆ ಯಾರೋ "ಲಿಪ್ ಸಿಂಕ್ ಯಾಕೆ ಹೀಗಿದೆ?" ಅಂತ ಕೇಳಿದ್ದಾರೆ. ಅವನ ಉತ್ತರ: "ಸ್ಟೂಡೆಂಟ್ಸ್ ಶೂಟ್ ಮಾಡಿದ್ದು ಬ್ರೋ, ಏನ್ ಮಾಡೋದು."