'ನಾಟು ನಾಟು' ಎದುರು ನಿಂತಿದ್ದ ನಾಲ್ಕು ಹಾಡು

2023ರ ಆಸ್ಕರ್‌ನಲ್ಲಿ ಮೂಲ ಗೀತೆ ವಿಭಾಗಕ್ಕೆ ನಾಮಿನೇಟ್ ಆಗಿದ್ದು ಐದು ಹಾಡು. ಗೆದ್ದಿದ್ದು ತೆಲುಗಿನ 'ಆರ್‌ಆರ್‌ಆರ್' ಚಿತ್ರದ 'ನಾಟು ನಾಟು' ಅಂತ ಎಲ್ಲರಿಗೂ ಗೊತ್ತು. ಉಳಿದ ನಾಲ್ಕನ್ನು ಪೂರ್ತಿ ಕೇಳಿದವರು ಮಾತ್ರ ನಮ್ಮ ಮುಳಬಾಗಿಲಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಅನ್ನುವ ಊರು ಇದು. ಇಲ್ಲಿ ತೀರ್ಪು ಮೊದಲೇ ಆಗಿಹೋಗಿತ್ತು, ಅಲ್ವಾ? ಅದಕ್ಕೇ ನಾನು ಮೊದಲು ಬರೀ ಹಾಡು ಕೇಳಿದೆ. ಆಮೇಲೆ ಸಿನಿಮಾದಲ್ಲಿ ಅದು ಬರುವ ಜಾಗದಲ್ಲೇ ನೋಡಿದೆ.

ಬರೀ ಕೇಳುವುದಾದರೆ ನನ್ನ ಓಟು 'ಲಿಫ್ಟ್ ಮಿ ಅಪ್'ಗೆ. 'ಬ್ಲ್ಯಾಕ್ ಪ್ಯಾಂಥರ್: ವಕಾಂಡ ಫಾರೆವರ್' ಚಿತ್ರದ್ದು, ಹಾಡಿದ್ದು ರಿಹಾನಾ. 2020ರಲ್ಲಿ ತೀರಿಕೊಂಡ, ಮೊದಲ 'ಬ್ಲ್ಯಾಕ್ ಪ್ಯಾಂಥರ್'ನ ನಾಯಕ ನಟ ಚಾಡ್ವಿಕ್ ಬೋಸ್ಮನ್ ನೆನಪಿಗೆ ಮಾಡಿದ ಹಾಡು. ಡ್ರಮ್ಮಿನ ಅಬ್ಬರ ಇಲ್ಲ, ದನಿಯೇ ಎಲ್ಲ. ಫೋನಿನ ಸ್ಪೀಕರಲ್ಲಿ ಹಾಕಿದ್ದೆ. ಅವರೆಕಾಯಿ ಬಿಡಿಸ್ತಾ ಕೂತಿದ್ದ ಚಿಕ್ಕಮ್ಮ, "ಯಾರಾದ್ರೂ ಹೋಗ್ಬಿಟ್ರೇನಪ್ಪಾ ಇದರಲ್ಲಿ?" ಅಂದರು. ಅವರಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ.

ಆದರೆ ಆಸ್ಕರ್ ನಿಯಮ ಬೇರೆ. ಹಾಡು ಆ ಸಿನಿಮಾಕ್ಕೆಂದೇ ಬರೆದದ್ದಾಗಿರಬೇಕು. ಚಿತ್ರದ ಒಳಗೆ ಬರಬೇಕು, ಇಲ್ಲವೇ ಕೊನೆಯ ಟೈಟಲ್ ಶುರುವಾದಾಗ ಮೊದಲ ಸಂಗೀತವಾಗಿ ಬರಬೇಕು. ಕೊನೆಗೆ ಬಂದರೂ ನಡೆಯುತ್ತೆ ಅನ್ನುವ ಈ ರಿಯಾಯಿತಿ ನನಗೆ ಅಷ್ಟಾಗಿ ಹಿಡಿಸಲ್ಲ. 'ಟಾಪ್ ಗನ್: ಮ್ಯಾವರಿಕ್'ನ 'ಹೋಲ್ಡ್ ಮೈ ಹ್ಯಾಂಡ್' ನೋಡಿ. ಲೇಡಿ ಗಾಗಾ ಜೀವ ತುಂಬಿ ಹಾಡಿದ್ದಾರೆ. 1986ರ ಮೊದಲ 'ಟಾಪ್ ಗನ್' ಹಾಡಿಗೆ ಆಸ್ಕರ್ ಬಂದಿತ್ತು, ಇದೂ ಆ ಕಾಲದ್ದೇ ಅನ್ನಿಸುವಂತಿದೆ. ಆದರೆ ಪೂರ್ತಿ ಹಾಡು ಬರುವ ಹೊತ್ತಿಗೆ ಕಥೆ ಮುಗಿದಿರುತ್ತೆ. ನಮ್ಮ ಜನ ಆಗಲೇ ಸ್ಟ್ಯಾಂಡಲ್ಲಿ ಗಾಡಿ ತೆಗೀತಿರ್ತಾರೆ!

'ನಾಟು ನಾಟು' ಮುಂದೆ ಹೋಗುವುದೇ ಇಲ್ಲಿ. ಬ್ರಿಟಿಷರ ಪಾರ್ಟಿಯಲ್ಲಿ ಒಬ್ಬ ಬಿಳಿಯ, ನಿಮಗೆ ಕುಣಿಯೋಕೆ ಏನು ಗೊತ್ತು ಅಂತ ಇಬ್ಬರು ನಾಯಕರಲ್ಲಿ ಒಬ್ಬನಾದ ಭೀಮನನ್ನು ಹಂಗಿಸುತ್ತಾನೆ. ಉತ್ತರವಾಗಿ ಹಾಡು ಶುರುವಾಗುತ್ತೆ, ಅದೇ ಪಂದ್ಯವೂ ಆಗುತ್ತೆ. ಒಬ್ಬೊಬ್ಬರೇ ಸುಸ್ತಾಗಿ ಬೀಳ್ತಾರೆ. ಉಳಿಯುವುದು ಭೀಮ, ಅವನ ಗೆಳೆಯ ರಾಮ ಇಬ್ಬರೇ. ಭೀಮನ ಕಣ್ಣು ಇಂಗ್ಲಿಷ್ ಹುಡುಗಿ ಜೆನ್ನಿ ಮೇಲಿರುವುದನ್ನು ರಾಮ ಗಮನಿಸುತ್ತಾನೆ, ಬೇಕಂತಲೇ ಸೋಲುತ್ತಾನೆ. ಒಂದು ಮಾತೂ ಆಡದೆ ಗೆಳೆತನ ತೋರಿಸಿದ ಜಾಗ ಅದು. ಹಾಡು ಕಿತ್ತು ಹಾಕಿದರೆ ಕಥೆಯಲ್ಲೇ ತೂತು ಬೀಳುತ್ತೆ. ಸಂಗೀತ ನಿರ್ದೇಶಕ ಕೀರವಾಣಿ ಕೊಟ್ಟ ತಾಳಕ್ಕೆ ಗೀತೆ ಬರೆದ ಚಂದ್ರಬೋಸ್ ತುಂಬಿದ್ದೂ ಊರಿನ ಸರಕೇ: ಹೊಲದ ಬದುವಿನ ದೂಳಲ್ಲಿ ನೆಗೆಯುವ ಹೋರಿ, ಜೋಳದ ರೊಟ್ಟಿ ಜೊತೆ ಮೆಣಸಿನಕಾಯಿ ಚಟ್ನಿ, ಜಾತ್ರೆಯಲ್ಲಿ ತೂಗಾಡುವ ಪೋತರಾಜ. ಚಿತ್ರೀಕರಣ ಮಾತ್ರ ಉಕ್ರೇನಿನ ಕೀವ್ ಅರಮನೆ ಮುಂದೆ! ಬರೀ ಕೇಳಿದರೆ ಇದು ನನಗೆ ಎರಡನೆಯದು. ಮಧ್ಯದಲ್ಲಿ ಸ್ವಲ್ಪ ಒಂದೇ ಸಮ ಅನ್ನಿಸುತ್ತೆ. ಚಿತ್ರದ ಜೊತೆ ನೋಡಿದರೆ ಹತ್ತಿರಕ್ಕೂ ಯಾರೂ ಬರಲ್ಲ.

ಮೂರನೆಯ ಜಾಗ 'ದಿಸ್ ಇಸ್ ಎ ಲೈಫ್'ಗೆ. 'ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್' ಚಿತ್ರದ್ದು. ಮಿಟ್ಸ್ಕಿ ಮತ್ತು ಡೇವಿಡ್ ಬರ್ನ್ ದನಿಗಳು ಒಂದಕ್ಕೊಂದು ಸೇರಿಯೂ ಸೇರದ ಹಾಗೆ ಓಡುತ್ತವೆ. ಆ ಚಿತ್ರವೂ ಹಾಗೇ ಇದೆ. ಎರಡನೇ ಸಲ ಕೇಳಿದಾಗ ಜಾಸ್ತಿ ಇಷ್ಟವಾಗುತ್ತೆ. ನಾಲ್ಕನೆಯದು ಗಾಗಾ ಹಾಡು.

ಕೊನೆಗೆ 'ಟೆಲ್ ಇಟ್ ಲೈಕ್ ಎ ವುಮನ್' ಚಿತ್ರದ 'ಅಪ್ಲಾಸ್'. ಬರೆದ ಡಯಾನ್ ವಾರೆನ್‌ಗೆ ಅದು 14ನೇ ನಾಮಿನೇಷನ್. ಸ್ಪರ್ಧೆಯಲ್ಲಿ ಒಂದೂ ಗೆದ್ದಿರಲಿಲ್ಲ, ಹಿಂದಿನ ವರ್ಷ ಗೌರವ ಆಸ್ಕರ್ ಕೊಟ್ಟಿದ್ದರು. ಚಿತ್ರ ನನಗೆ ಸಿಗಲಿಲ್ಲ, ಹಾಡಷ್ಟೇ ಕೇಳಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ಕೊಡುವಾಗ ಹಾಕುವ ಹಾಡಿನಂತಿದೆ. ನಿಮಗೆ ಚಿತ್ರ ಸಿಕ್ಕಿದ್ದರೆ, ಅದರೊಳಗೆ ಹೇಗಿದೆ ಅಂತ ಹೇಳಿ.